ಮಾಸಿದಷ್ಟೂ ಮೆಚ್ಚುಗೆ: ನೀಲಿ ಜೀನ್ಸಿನ ಕತೆ

ಪಾಲಕರ ಸಭೆಯಲ್ಲಿ ಒಬ್ಬ ತಾಯಿ ನಮ್ಮನ್ನು ಕೇಳಿದರು: "ಸಾರ್, ಮೊಣಕಾಲು ಬಿಳುಚಿದ ಪ್ಯಾಂಟೇ ಬೇಕಂತ ನಮ್ಮ ಹುಡುಗ ಹಠ ಹಿಡಿದಾನೆ. ಹೊಸಾದಕ್ಕಿಂತ ಮಾಸಿದ್ದಕ್ಕೆ ಜಾಸ್ತಿ ರೊಕ್ಕ ಕೊಡೋದು ಯಾವ ನ್ಯಾಯ?" ಸಭೆ ನಕ್ಕಿತು. ಹಾಗೆ ಕೇಳಿದವರು ಮನೆಯಲ್ಲೇ ಮಷೀನು ಇಟ್ಟುಕೊಂಡು ಜೀನ್ಸ್ ಹೊಲಿಯುವವರು. ಅಂದು ಸರಿಯಾಗಿ ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ.

ಜೀನ್ಸ್ ಮೊದಲಿಗೆ ದುಡಿಮೆಗಾರರ ಉಡುಪು. ಅಮೆರಿಕದ ನೆವಾಡ ಪ್ರಾಂತದ ರೀನೋ ಎಂಬ ಊರಿನಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿ ಇದ್ದ. ತನ್ನ ಗಂಡನಿಗೆ ಬೇಗ ಹರಿಯದ ಪ್ಯಾಂಟು ಬೇಕೆಂದು ಒಬ್ಬ ಹೆಂಗಸು ಕೇಳಿದಾಗ, ಅವನು ಜೇಬಿನ ಮೂಲೆಗಳಿಗೆ ತಾಮ್ರದ ರಿವೆಟ್ಟು ಬಡಿದ. ಬೇಡಿಕೆ ಹೆಚ್ಚಿತು. ಆಗ ತನಗೆ ಬಟ್ಟೆ ಒದಗಿಸುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೋದ ವರ್ತಕ ಲೀವೈ ಸ್ಟ್ರಾಸ್‌ಗೆ ಕಾಗದ ಬರೆದ. 1873ರ ಮೇ 20ರಂದು ಇಬ್ಬರಿಗೂ ಸೇರಿ ಪೇಟೆಂಟ್ ದೊರೆಯಿತು.

ಗಟ್ಟಿತನವೊಂದೇ ಆಗಿದ್ದರೆ ಅದು ಗಣಿಯಲ್ಲೇ ಉಳಿಯುತ್ತಿತ್ತು. ಗುಟ್ಟು ಇರುವುದು ನೂಲಿನಲ್ಲಿ. ಮನೆಯಲ್ಲಿ ಜೀನ್ಸ್ ಇದ್ದರೆ ಒಳಮಗ್ಗುಲು ತಿರುವಿ ನೋಡಿರಿ. ಹೊರಗೆ ನೀಲಿ, ಒಳಗೆ ಹೆಚ್ಚು ಬಿಳಿ. ಹಾಸಿನ ಎಳೆಗೆ ಮಾತ್ರ ಬಣ್ಣ, ಹೊಕ್ಕಿನ ಎಳೆ ಬಿಳಿ. ಓರೆ ನೇಯ್ಗೆಯಾದ್ದರಿಂದ ಹಾಸು ಮೇಲ್ಮುಖದಲ್ಲಿ ಎದ್ದು ಕಾಣುತ್ತದೆ.

ಆ ನೀಲಿಯೂ ವಿಚಿತ್ರ ಸ್ವಭಾವದ್ದು. ಅದು ನೀರಿನಲ್ಲಿ ಕರಗದು. ರಾಸಾಯನಿಕ ಬೆರೆಸಿ ಕರಗಿಸಿದರೆ ಹಳದಿ ಹಸುರಾಗುತ್ತದೆ. ಆ ತೊಟ್ಟಿಯಲ್ಲಿ ಅದ್ದಿದ ನೂಲನ್ನು ಹೊರಗೆಳೆದರೆ, ಗಾಳಿ ಸೋಕಿದಂತೆ ಕಣ್ಣೆದುರೇ ನೀಲಿಗೆ ತಿರುಗುತ್ತದೆ. ಹೀಗೆ ಹಲವು ಸಲ ಅದ್ದಿದರೂ ಬಣ್ಣ ನೂಲಿನ ಹೊರ ಪದರದಲ್ಲೇ ನಿಂತು, ತಿರುಳು ಬಿಳಿಯಾಗಿಯೇ ಉಳಿಯುತ್ತದೆ. ಆದ್ದರಿಂದ ಉಜ್ಜಿದಲ್ಲೆಲ್ಲ ಬಿಳಿ ಇಣುಕುತ್ತದೆ: ಕುಳಿತೇಳುವವನಿಗೆ ಮೊಣಕಾಲಿನಲ್ಲಿ, ಜೇಬಿನಲ್ಲಿ ಸದಾ ಏನಾದರೂ ತುರುಕಿಕೊಳ್ಳುವವನಿಗೆ ಜೇಬಿನ ಮೇಲೆ. ಬೇರೆ ಬಟ್ಟೆ ಮಾಸಿದರೆ ಹಳೆಯದಾಯಿತು ಎನ್ನುತ್ತೇವೆ. ಜೀನ್ಸ್ ಮಾಸಿದಾಗ ಉಟ್ಟವನದೇ ಗುರುತು ಮೂಡಿರುತ್ತದೆ. ಅದರ ಮೇಲಿನ ಆಸೆಗೆ ನಮಗೆ ತೋರುವ ಮುಖ್ಯ ಕಾರಣ ಇದೇ.

ಸಿನಿಮಾದ ಪಾಲೂ ಇದೆ. 1955ರ ಚಿತ್ರವೊಂದರಲ್ಲಿ ಜೇಮ್ಸ್ ಡೀನ್ ಜೀನ್ಸ್ ತೊಟ್ಟು ಬಂದ ಮೇಲೆ ಅದು ಹರೆಯದವರ ಉಡುಪಾಯಿತು. ಅಲ್ಲಿಯೂ ಎಷ್ಟೋ ಶಾಲೆಗಳು ಅದನ್ನು ಬೇಡವೆಂದವು. ಮೇಷ್ಟರುಗಳು ಎಲ್ಲ ಕಡೆಯೂ ಒಂದೇ!

ಈ ನೀಲಿ ನಮಗೆ ಹೊಸತಲ್ಲ. ಗಿಡದಿಂದ ತೆಗೆದ ನೀಲಿ ಶತಮಾನಗಳ ಕಾಲ ಭಾರತದಿಂದ ಹೊರದೇಶಗಳಿಗೆ ಹೋಯಿತು. ಅದನ್ನು ಬೆಳೆಯಲೇಬೇಕೆಂಬ ಬಲವಂತದ ವಿರುದ್ಧವೇ 1917ರಲ್ಲಿ ಗಾಂಧೀಜಿ ಚಂಪಾರಣದಲ್ಲಿ ರೈತರ ಪರ ನಿಂತದ್ದು. ಅಷ್ಟರಲ್ಲಿ ಜರ್ಮನಿಯ ಕಾರ್ಖಾನೆ ನೀಲಿ ಮಾರುಕಟ್ಟೆಗೆ ಬಂದು 20 ವರ್ಷವಾಗಿತ್ತು. ಡಂಗರಿ ಎಂಬ ಇಂಗ್ಲಿಷ್ ಹೆಸರು ಕೂಡ ಮುಂಬಯಿಯ ಡೋಂಗ್ರಿಯ ಒರಟು ಬಟ್ಟೆಯಿಂದ ಬಂದದ್ದು.

ಇಂದು ಬಳ್ಳಾರಿಯೂ ನಮ್ಮ ರಾಯದುರ್ಗವೂ ಜೀನ್ಸ್ ಹೊಲಿಗೆಗೆ ಹೆಸರಾಗಿವೆ. ಒಬ್ಬರು ಜೇಬು ಹಚ್ಚಿದರೆ ಒಬ್ಬರು ಜಿಪ್ಪು ಕೂಡಿಸುತ್ತಾರೆ, ಮತ್ತೊಬ್ಬರು ಉಳಿದ ದಾರ ಕತ್ತರಿಸುತ್ತಾರೆ. ಕೂಲಿ ಪೀಸಿನ ಲೆಕ್ಕ. ನಮ್ಮ ಮಕ್ಕಳಲ್ಲಿ ಅನೇಕರ ಪುಸ್ತಕ, ಬಸ್ಸಿನ ಪಾಸು ಆ ಪೀಸುಗಳಿಂದಲೇ ಬರುತ್ತವೆ. ಅಪ್ಪ ಏನು ಮಾಡುತ್ತಾರೆ ಎಂದು ಕೇಳಿದರೆ ತಲೆ ತಗ್ಗಿಸುವ ಹುಡುಗರನ್ನು ಕಂಡಿದ್ದೇವೆ. ಅದೇ ಹುಡುಗರು ಅದೇ ಪ್ಯಾಂಟು ತೊಟ್ಟು ಜಾತ್ರೆಯಲ್ಲಿ ಎದೆಯುಬ್ಬಿಸಿ ನಡೆಯುವುದನ್ನೂ ಕಂಡಿದ್ದೇವೆ.

ಇನ್ನು ಆ ತಾಯಿಯ ಪ್ರಶ್ನೆ. ಹೊಲಿದ ಪ್ಯಾಂಟನ್ನು ಬಿಳುಚಿಸಲು ಮತ್ತೆ ನೀರು, ಮತ್ತೆ ರಾಸಾಯನಿಕ, ಮತ್ತೆ ಕೂಲಿ ಬೇಕು. ಹೆಚ್ಚಿನ ಬೆಲೆ ಅದಕ್ಕೆ. ತುರ್ಕಿಯಲ್ಲಿ ಮರಳನ್ನು ರಭಸದಿಂದ ಊದಿ ಬಿಳುಚಿಸುತ್ತಿದ್ದಾಗ, ಆ ಧೂಳು ಕುಡಿದ ಕೆಲಸಗಾರರಿಗೆ ಸಿಲಿಕೋಸಿಸ್ ಎಂಬ ಪುಪ್ಪುಸದ ರೋಗ ತಗಲಿ ಹಲವರು ಸತ್ತರು. ಆ ದೇಶ 2009ರಲ್ಲಿ ಅದನ್ನು ನಿಷೇಧಿಸಿತು.

ಆದುದರಿಂದ, ತಾಯಿ, ಗಾಢ ನೀಲಿಯದನ್ನೇ ಕೊಡಿಸಿರಿ. ಮೊಣಕಾಲು ಬಿಳುಚಿಸುವ ಕೆಲಸ ಹುಡುಗನಿಗೇ ಇರಲಿ. ಮೊದಲ ಎರಡು ಮೂರು ಸಲ ಮಾತ್ರ ಅದನ್ನು ಶಾಲೆಯ ಬಿಳಿ ಅಂಗಿಯ ಜೊತೆ ನೆನೆಹಾಕಬೇಡಿರಿ.