ಅಳಿವೆಯ ಹಕ್ಕಿಗಳೂ ಕವಿಸಮಯವೂ

ಮಳೆಗಾಲದ ಮೊದಲಲ್ಲಿ ಹಂಸಗಳು ಮಾನಸಸರೋವರಕ್ಕೆ ತೆರಳುವುವೆಂಬುದು ಪ್ರಸಿದ್ಧವಾದ ಕವಿಸಮಯ; ಕಾಳಿದಾಸನ ‘ಮೇಘದೂತ’ದಲ್ಲಿ ಅವು ಮೇಘಕ್ಕೆ ಸಹಯಾತ್ರಿಗಳು. ಇದನ್ನು ಲೋಕದ ನಡೆಯೊಡನೆ ಹೋಲಿಸಿ ನೋಡಲು ಕುಮಟೆಯ ಬಳಿಯ ಅಘನಾಶಿನಿಯ ಅಳಿವೆಯು ತಕ್ಕ ಸ್ಥಳವಾಗಿದೆ.

ಇಲ್ಲಿ ಚಳಿಗಾಲವನ್ನು ಕಳೆಯುವ ಕಂದುತಲೆಯ ಕಡಲಹಕ್ಕಿಗಳ ತಲೆಯು ಆಗ ಬೆಳ್ಳಗಿದ್ದು, ಕಣ್ಣಿನ ಹಿಂದೆ ಕಪ್ಪು ಮಚ್ಚೆಯೊಂದು ಮಾತ್ರ ಕಾಣುವುದು. ಫಾಲ್ಗುಣದ ಹೊತ್ತಿಗೆ ತಲೆಯು ಕಂದುಬಣ್ಣಕ್ಕೆ ತಿರುಗತೊಡಗುವುದು. ಇದೇ ಪ್ರಯಾಣದ ಮುನ್ಸೂಚನೆ. ಅವುಗಳ ನೆರೆಯಲ್ಲಿ ಗೊರವಗಳು, ಇಳಿತದ ವೇಳೆ ತೆರೆದುಕೊಳ್ಳುವ ಕೆಸರುಬಯಲಿನಲ್ಲಿ ಹುಳುಗಳನ್ನೂ ಸಣ್ಣ ಚಿಪ್ಪುಪ್ರಾಣಿಗಳನ್ನೂ ತಿಂದು ಮೈಯಲ್ಲಿ ಕೊಬ್ಬನ್ನು ಕೂಡಿಸಿಕೊಳ್ಳುವುವು. ದೂರದ ದಾರಿಗೆ ಅದೇ ಬುತ್ತಿ.

ಮುಂಗಾರಿಗೆ ಮುನ್ನವೇ ಇವುಗಳಲ್ಲಿ ಬಹುಭಾಗವು ಹೊರಟುಹೋಗಿರುವುದು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆಯ ಹೆಬ್ಬಾತುಗಳ ನಡೆಯೂ ಹೀಗೆಯೇ. ಕಾರಣವು ಸ್ಪಷ್ಟವಾಗಿದೆ: ಈ ಹೆಬ್ಬಾತುಗಳೂ ಕಂದುತಲೆಯ ಕಡಲಹಕ್ಕಿಗಳೂ ಗೂಡುಕಟ್ಟುವ ಲಡಾಖ್, ಟಿಬೆಟ್ಟುಗಳ ಎತ್ತರದ ಸರೋವರಗಳಲ್ಲಿ ಬೇಸಗೆಯು ಅಲ್ಪಕಾಲದ್ದು. ಇಲ್ಲಿ ಮಳೆಗಾಗಿ ಕಾದು ಕುಳಿತರೆ ಅಲ್ಲಿ ಮರಿಮಾಡುವ ಹದವು ತಪ್ಪುವುದು.

ಆದುದರಿಂದ ಕವಿಸಮಯವನ್ನು ಪಯಣದ ದಿಕ್ಕಿಗೆ ಸಾಕ್ಷಿಯೆಂದು ಕೊಳ್ಳಬಹುದು, ಕಾಲಕ್ಕೆ ಕೊಳ್ಳಲಾಗದು. ಪದ್ಯವನ್ನು ಪಾಠಹೇಳುವವರು ಈ ಭೇದವನ್ನು ತೋರಿಸಿಕೊಡುವುದು ಯುಕ್ತ. ಅಘನಾಶಿನಿಯೂ ಮಾಗಡಿ ಕೆರೆಯೂ ರಾಮ್‌ಸರ್ ಪಟ್ಟಿಗೆ ಸೇರಿದುವೆಂದು 2024ರಲ್ಲಿ ಪ್ರಕಟವಾಯಿತು. ಆದರೂ ಕೆಸರುಬಯಲು ಕೆಟ್ಟರೆ ಬುತ್ತಿಯಿಲ್ಲ, ಬುತ್ತಿಯಿಲ್ಲದೆ ಪಯಣವಿಲ್ಲ. ಆಗ ಕವಿಸಮಯವನ್ನು ಒರೆಹಚ್ಚಿ ನೋಡಲು ಹಕ್ಕಿಗಳೇ ಉಳಿಯಲಾರವು.