ಮೋಟಾರು ಜೋಡಿಸಿದ ಬೈಸಿಕಲ್ಲಿಗೆ ಹಲ್ಲುಚಕ್ರದ ಆಯ್ಕೆ

ಬೈಸಿಕಲ್ಲಿಗೆ ಸಣ್ಣ ಎಂಜಿನನ್ನು ತಾವೇ ಜೋಡಿಸುವವರು ಮೊದಲು ವಿಚಾರಿಸುವುದು ವೇಗವನ್ನು. ಆದರೆ ಹಲ್ಲುಚಕ್ರವನ್ನು ನಿರ್ಧರಿಸಬೇಕಾದುದು ದಾರಿಯಲ್ಲಿ ಎದುರಾಗುವ ಅತ್ಯಂತ ಕಡಿದಾದ ಏರು. ಇಂತಹ ವಾಹನಗಳಲ್ಲಿ ಗೇರು ಬದಲಾಯಿಸುವ ಅನುಕೂಲವು ಸಾಧಾರಣವಾಗಿ ಇರುವುದಿಲ್ಲವಾದ್ದರಿಂದ, ಒಮ್ಮೆ ಆರಿಸಿದ ಪ್ರಮಾಣವೇ ಏರಿಗೂ ಬಯಲಿಗೂ ಸಲ್ಲಬೇಕು.

ಚೀನಾದಲ್ಲಿ ತಯಾರಾಗಿ ಅಮೆರಿಕದ ಹವ್ಯಾಸಿಗಳಲ್ಲಿ ಬಳಕೆಗೆ ಬಂದಿರುವ 66 ಘನ ಸೆಂಟಿಮೀಟರಿನ ಟೂ-ಸ್ಟ್ರೋಕ್ ಎಂಜಿನನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರೊಳಗಿನ ಗೇರುಗಳ ಪ್ರಮಾಣ 4.1. ಹೊರಗೆ 10 ಹಲ್ಲಿನ ಚಕ್ರದಿಂದ ಹಿಂಗಾಲಿಯ 44 ಹಲ್ಲಿನ ಚಕ್ರಕ್ಕೆ ಸರಪಣಿ. ಇಲ್ಲಿಯ ಪ್ರಮಾಣ 4.4. ಎರಡನ್ನೂ ಗುಣಿಸಿದರೆ ಎಂಜಿನಿನ ಸುಮಾರು 18 ಸುತ್ತಿಗೆ ಗಾಲಿಯ ಒಂದು ಸುತ್ತು. 26 ಅಂಗುಲದ ಗಾಲಿಯು ಸುತ್ತಿಗೆ 2.07 ಮೀಟರು ಸಾಗುವುದಾದ್ದರಿಂದ, ಎಂಜಿನು ನಿಮಿಷಕ್ಕೆ 5000 ಸುತ್ತು ತಿರುಗುವಾಗ ವೇಗವು ಗಂಟೆಗೆ 34 ಕಿಲೋಮೀಟರು. ಹಿಂದೆ 36 ಹಲ್ಲಿನ ಚಕ್ರವನ್ನಿಟ್ಟರೆ 42.

ಈ ಲಾಭದ ಬೆಲೆಯನ್ನು ಏರಿನಲ್ಲಿ ತೆರಬೇಕು. ಸವಾರನೂ ಸೇರಿ 100 ಕಿಲೋಗ್ರಾಂ ತೂಗುವ ವಾಹನವನ್ನು ಹತ್ತಕ್ಕೊಂದರ ಏರಿನಲ್ಲಿ ನಿಧಾನವಾಗಿ ಹತ್ತಿಸಲು ಸುಮಾರು 108 ನ್ಯೂಟನ್ ಬಲ ಬೇಕು. ಪ್ರಸರಣದ ನಷ್ಟವನ್ನು ಶೇಕಡಾ 15 ಎಂದು ಹಿಡಿದರೆ, 44 ಹಲ್ಲಿಗೆ ಎಂಜಿನಿನಿಂದ 2.3 ನ್ಯೂಟನ್-ಮೀಟರು ಟಾರ್ಕ್ ಸಾಕು. 36 ಹಲ್ಲಿಗೆ 2.8 ಬೇಕು. 2.5ನ್ನು ಮಾತ್ರ ಕೊಡಬಲ್ಲ ಎಂಜಿನು ಮೊದಲನೆಯದರಲ್ಲಿ ಏರುತ್ತದೆ, ಎರಡನೆಯದರಲ್ಲಿ ನಿಂತುಬಿಡುತ್ತದೆ. ಆಗ ಪೆಡಲು ತುಳಿಯುವುದೇ ಗತಿ!

ಇದಕ್ಕಿಂತ ಗಂಭೀರವಾದುದು ಬ್ರೇಕಿನ ವಿಷಯ. ವೇಗವು 34ರಿಂದ 42ಕ್ಕೆ ಏರಿದರೆ ಬ್ರೇಕು ಹೀರಬೇಕಾದ ಶಕ್ತಿ ಒಂದೂವರೆ ಪಟ್ಟಾಗುತ್ತದೆ. ಬೈಸಿಕಲ್ಲಿನ ರಬ್ಬರು ತುಂಡುಗಳಾದರೋ ಕಾಲಿನಿಂದ ತುಳಿಯುವವನ ವೇಗಕ್ಕೆಂದು ರಚಿತವಾದವು. ಗುಡ್ಡಗಾಡಿನ ಊರಿನವರು 48 ಹಲ್ಲಿನ ಚಕ್ರವನ್ನು ಹಾಕುವುದು ಲೇಸು. ಸರಪಣಿಗೆ ಒಂದೆರಡು ಕೊಂಡಿಗಳನ್ನು ಸೇರಿಸಬೇಕಾದೀತು.