ಪೂರ್ವ ತಿಮೋರ್: ತಡವಾಗಿ ಬಂದ ನೆರವು

ಇಂದು ಬಹುಪಾಲು ಕಥೋಲಿಕರೇ ಇರುವ ಪೂರ್ವ ತಿಮೋರನ್ನು 1975ರ ಡಿಸೆಂಬರ್ 7ರಂದು ಇಂಡೋನೇಷ್ಯ ಆಕ್ರಮಿಸಿದಾಗ ಜಗತ್ತು ಸುಮ್ಮನಿರಲಿಲ್ಲ. ಹದಿನೈದೇ ದಿನಗಳಲ್ಲಿ ಭದ್ರತಾ ಮಂಡಳಿಯು ಸೇನೆ ಹಿಂದೆ ಸರಿಯಬೇಕೆಂದು ಒಮ್ಮತದಿಂದ ನಿರ್ಣಯಿಸಿತು. ಆದರೆ ಆ ಮಂಡಳಿಯ ಬಲಿಷ್ಠರೇ ಆಕ್ರಮಣಕಾರನಿಗೆ ಆಯುಧ ಮಾರಿದರು. ಇದನ್ನು ಬೆಂಬಲವೆನ್ನಲು ನಮಗೆ ಮನಸ್ಸು ಬಾರದು.

ನಿಜವಾದ ನೆರವು ಜನಸಾಮಾನ್ಯರಿಂದ ಬಂದಿತೆಂದೇ ನಾವು ಭಾವಿಸುತ್ತೇವೆ. 1991ರ ನವೆಂಬರ್ 12ರಂದು ಡಿಲಿ ನಗರದಲ್ಲಿ, ಹತನಾದ ಯುವಕನೊಬ್ಬನ ಸ್ಮರಣೆಯ ಬಲಿಪೂಜೆ ಮುಗಿಸಿ ಸಾಂತಾ ಕ್ರೂಸ್ ಸ್ಮಶಾನಕ್ಕೆ ನಡೆದವರ ಮೇಲೆ ಸೈನಿಕರು ಗುಂಡು ಹಾರಿಸಿದರು. ಅದನ್ನು ಚಿತ್ರೀಕರಿಸಿದ ಬ್ರಿಟಿಷ್ ಪತ್ರಕರ್ತ ಮ್ಯಾಕ್ಸ್ ಸ್ಟಾಲ್, ಬಂಧನಕ್ಕೆ ಮುನ್ನ ಟೇಪುಗಳನ್ನು ಸಮಾಧಿಯೊಂದರಲ್ಲಿ ಹೂತಿಟ್ಟು, ರಾತ್ರಿ ಮರಳಿ ಬಂದು ತೆಗೆದುಕೊಂಡರು. ಆ ದೃಶ್ಯಗಳನ್ನು ಕಂಡ ದೂರದೇಶಗಳ ಜನರು ತಂತಮ್ಮ ಸರಕಾರಗಳನ್ನೇ ಪ್ರಶ್ನಿಸತೊಡಗಿದರು.

1999ರ ಆಗಸ್ಟ್ 30ರ ಜನಮತಗಣನೆಯಲ್ಲಿ ಶೇ. 78.5 ಮಂದಿ ಸ್ವಾತಂತ್ರ್ಯವನ್ನೇ ಆರಿಸಿದರು. ಮತದಾನದ ಕಾವಲನ್ನೋ, ಇಂಡೋನೇಷ್ಯದ ಕೈಗೇ ಒಪ್ಪಿಸಲಾಗಿತ್ತು! ಊರುಗಳು ಉರಿದವು, ಸುವಾಯಿ ದೇವಾಲಯದಲ್ಲಿ ಆಶ್ರಯ ಪಡೆದವರೂ ಅವರ ಮೂವರು ಗುರುಗಳೂ ಹತರಾದರು. ಅಂತರರಾಷ್ಟ್ರೀಯ ಪಡೆ ಡಿಲಿಗೆ ಇಳಿದದ್ದು ಸೆಪ್ಟೆಂಬರ್ 20ರಂದು.

2002ರ ಮೇ 20ರಂದು ತಿಮೋರ್ ಸ್ವತಂತ್ರವಾಯಿತು. 2025ರಲ್ಲಿ ಇಂಡೋನೇಷ್ಯದೊಡನೆ ಆಸಿಯಾನ್ ಕೂಟದಲ್ಲಿ ಸಮಾನವಾಗಿ ಕುಳಿತಿತು. 1999ರ ಹತ್ಯೆಗಳಿಗಾಗಿ ಇಂಡೋನೇಷ್ಯದ ಹಿರಿಯ ಸೇನಾಧಿಕಾರಿ ಒಬ್ಬನೂ ಸೆರೆವಾಸ ಅನುಭವಿಸಿಲ್ಲ.